ಕೆರೆದು ತೆಗೆದ ಕೆಂಪು

ಲಾರಿಗೆ ನಾನು ಹಚ್ಚಿದ ಹಸಿರು ಸರಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ನಾನು ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರ. ಒಂದು ಬಣ್ಣ ನೋಡಿ ಅದರಲ್ಲಿ ಏನೇನು ಬೆರೆತಿದೆ ಎಂದು ಹೇಳುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಕಸುಬು. ಅದೇ ಕಣ್ಣು ಒಂದು ಭಾನುವಾರ ತನ್ನ ಮುಂದಿದ್ದದ್ದನ್ನು ನೋಡಿಯೂ ನೋಡಲಿಲ್ಲ.

ಲಾರಿ ನನ್ನ ಗೆಳೆಯನದು. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನದು ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರದ ಮನೆತನ. ಹೊಸ ಮಿಲ್ಲು ಕಟ್ಟಿದ ಮೇಲೆ ಹಳೆಯ ಮಿಲ್ಲಿನ ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. ಹಿಂದೆ ಸೈನ್ಯದಲ್ಲಿದ್ದು, ಹರಾಜಿನಲ್ಲಿ ಹೊರಬಿದ್ದು, ಕಲ್ಲಿನ ಕ್ವಾರಿಯಲ್ಲಿ ದುಡಿದು ಸುಸ್ತಾಗಿದ್ದ ಆ ಲಾರಿಯನ್ನು ಅವನು ಆ ಶೆಡ್ಡಿಗೆ ಎಳೆಸಿಕೊಂಡು ಬಂದ. ಉದ್ದ ಮೂತಿ, ಎತ್ತರದ ಗಾಲಿಗಳು, ಹಿಂದೆ ಕ್ಯಾನ್ವಾಸಿನ ಕಮಾನುಗಳಿಗೆಂದು ಬಿಟ್ಟ ತೂತುಗಳು. ಮೊದಲ ದಿನ ಅವನು ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, "ಲೇ ಮಾಸ್ತರ, ಎಂಜಿನ್ ನಂದು, ಮೈ ನಿಂದು" ಎಂದ. ಕೆಲಸ ಹಾಗೆಯೇ ಹಂಚಿಕೆಯಾಯಿತು. ಮಿಲ್ಲಿನ ಯಂತ್ರಗಳ ನಡುವೆ ಬೆಳೆದ ಅವನಿಗೆ ಎಂಜಿನ್ ಹೊಸದಲ್ಲ. ನನಗೆ ತುಕ್ಕು ಕೆರೆಯುವುದು, ತಗಡು ಸಮ ಮಾಡುವುದು, ಬಣ್ಣ ಹಚ್ಚುವುದು.

ಎರಡು ವರ್ಷ ಪ್ರತಿ ಭಾನುವಾರ ನಾನು ಲಿಂಗಸುಗೂರಿನಿಂದ ಬಸ್ಸು ಹತ್ತಿ, ಮಸ್ಕಿ ದಾಟಿ ಸಿಂಧನೂರಿಗೆ ಹೋದೆ. ನಮಗೆ ಗೊತ್ತಿಲ್ಲದ್ದನ್ನು ಹೇಳಿಕೊಡಲು ಒಂದು ವಾಟ್ಸ್‌ಆ್ಯಪ್ ಗುಂಪಿತ್ತು, ಹಳೆಯ ಮಿಲಿಟರಿ ಗಾಡಿಗಳ ಹುಚ್ಚು ಹಿಡಿದವರದು. ಮುಖ ನೋಡದ ಜನ. ಬೆಳಗಾವಿ ಕಡೆಯ ಒಬ್ಬರು ತಮ್ಮ ಗಾಡಿಯಿಂದ ಬಿಚ್ಚಿಟ್ಟಿದ್ದ ಡೀಸೆಲ್ ಪಂಪನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರು. ಇನ್ನೊಬ್ಬರು ವೈರಿಂಗಿನ ನಕ್ಷೆಯನ್ನು ಕೈಯಲ್ಲೇ ಬರೆದು ಫೋಟೊ ಹಾಕಿದರು. ಹಸಿರು ಯಾವುದಿರಬೇಕೆಂದು ಅಲ್ಲಿ ಮೂರು ವಾರ ವಾದ ನಡೆಯಿತು. ಕೊನೆಗೆ ನಾನು ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದ ಜಾಗದಿಂದ ಉಗುರಿನಷ್ಟು ಹಳೆಯ ಬಣ್ಣ ತೆಗೆದು, ಅದಕ್ಕೆ ತಾಳೆ ಬರುವವರೆಗೆ ಹನ್ನೊಂದು ಸಲ ಬೆರೆಸಿದೆ.

ಗಾಲಿಗಳ ತಂಟೆಗೆ ನಾವು ಹೋಗಿರಲಿಲ್ಲ. ಕ್ವಾರಿಯವರು ಹಾಕಿಸಿದ್ದ ಟೈರುಗಳು ಇನ್ನೂ ಗಟ್ಟಿಯಾಗಿದ್ದವು, ಗಾಳಿ ನಿಲ್ಲುತ್ತಿತ್ತು. ಬ್ರೇಕಿನ ಕೆಲಸ ಕೊನೆಗೆ ಎಂದು ಬಿಟ್ಟಿದ್ದೆವು. ಒಂದು ಭಾನುವಾರ ನಾನು ಗಾಲಿಗಳಿಗೆ ಬಣ್ಣ ಹಚ್ಚಲು ಕುಳಿತೆ. ಗಾಲಿಯ ನಡುವೆ ಉಬ್ಬಿದ ಗುಬ್ಬಿಯ ಮೇಲೆ ಹಳೆಯ ವಿಭೂತಿಯ ಪಟ್ಟೆ. ಅದರ ಸುತ್ತ ಆರು ನಟ್ಟು, ಅವುಗಳ ಮೇಲೆ ಅರಿಶಿನದ ಜಿಡ್ಡು. ಅದರ ಹೊರಗೆ, ಟೈರಿನ ಅಂಚಿಗೆ ಹತ್ತಿರ, ಇನ್ನೊಂದು ಸುತ್ತು: ಹನ್ನೆರಡು ನಟ್ಟು. ಆ ಹನ್ನೆರಡೂ ಕೆಂಪಗಿದ್ದವು. ನಮ್ಮ ಕಡೆ ಆಯುಧ ಪೂಜೆಗೆ ಗಾಡಿಯ ಗಾಲಿಗೆ ಕುಂಕುಮ ಹಚ್ಚದವರಿಲ್ಲ. ಕ್ವಾರಿಯವರು ವರ್ಷ ವರ್ಷ ಹಚ್ಚಿದ್ದು ಎಣ್ಣೆಗೆ ಹೆಪ್ಪುಗಟ್ಟಿದೆ ಎಂದುಕೊಂಡೆ. ಮೇಲಿನದು ನಿಜವಾಗಿಯೂ ಕುಂಕುಮವೇ ಆಗಿತ್ತು.

ನಾನು ತಂತಿ ಬ್ರಷ್ಷು ತೆಗೆದುಕೊಂಡದ್ದನ್ನು ನೋಡಿ ಗೆಳೆಯ ಎಂಜಿನ್ನಿನಿಂದ ತಲೆ ಹೊರಹಾಕಿದ.

"ಬಿಡಲೇ ಅದನ್ನ. ಯಾರೋ ಭಕ್ತಿಲೆ ಹಚ್ಯಾರ."

"ಮಿಲಿಟರಿ ಗಾಡಿಗೆ ಎಲ್ಲಿ ಕುಂಕುಮಲೇ? ಹ್ಯಾಂಗಿತ್ತೋ ಹಂಗ ಆಗಬೇಕು."

"ಮಿಲಿಟರ್‍ಯಾಗ ದೇವ್ರಿಲ್ಲೇನು?"

"ದೇವ್ರದಾನ. ಗಾಲ್ಯಾಗಿಲ್ಲ."

ಅವನು ನಕ್ಕು ಮತ್ತೆ ಎಂಜಿನ್ನಿನೊಳಗೆ ಬಗ್ಗಿದ. ನಾನು ಕೆರೆದೆ. ಮೊದಲು ಪುಡಿ ಬಂತು. ಆಮೇಲೆ ಹಕ್ಕಳೆ ಬಂತು, ಒಣಗಿದ ಗಾಯದ ಹಕ್ಕಳೆಯ ಹಾಗೆ, ತೆಳ್ಳಗೆ, ಅಂಚು ಚೂಪಾಗಿ. ಕುಂಕುಮ ಪುಡಿಯಾಗುತ್ತದೆ, ಹಕ್ಕಳೆಯಾಗಿ ಏಳುವುದು ಎಣ್ಣೆಬಣ್ಣ ಮಾತ್ರ. ಇದನ್ನು ನಾನು ಎಂಟನೆಯ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಕ್ಕಳೆ ನನ್ನ ಅಂಗೈ ಮೇಲೆ ಬಿತ್ತು. ನೋಡಿದೆ. ಊದಿದೆ. ನಾಲ್ಕು ಗಾಲಿಗಳ ನಲವತ್ತೆಂಟು ನಟ್ಟುಗಳಿಂದ ಕೆಂಪನ್ನು ಪೂರ್ತಿ ತೆಗೆದು, ಎಲ್ಲದಕ್ಕೂ ಹಸಿರು ಹಚ್ಚಿದೆ. ಒಳಗಿನ ಆರು, ಹೊರಗಿನ ಹನ್ನೆರಡು, ಎಲ್ಲ ಒಂದೇ ಆದವು.

ಎಂಜಿನ್ ಶುರುವಾದ ದಿನ ಲಾರಿಯನ್ನು ಮಿಲ್ಲಿನ ಅಂಗಳದಲ್ಲಿ ಎರಡು ಸುತ್ತು ಓಡಿಸಿದೆವು. ಗುಂಪಿಗೆ ಫೋಟೊ ಹಾಕಿದೆ. ಇಡೀ ದಿನ ಶಹಬ್ಬಾಸ್‌ಗಿರಿ ಬರುತ್ತಲೇ ಇತ್ತು.

ಭತ್ತದ ಕೊಯ್ಲಿನ ಸಮಯಕ್ಕೆ ಮುಂದಿನ ಎಡಗಾಲಿಯ ಗಾಳಿ ಇಳಿಯತೊಡಗಿತು. ಶುಕ್ರವಾರ ಗೆಳೆಯ ಫೋನ್ ಮಾಡಿ, ಗಾಲಿ ಬಿಚ್ಚುತ್ತೇನೆ ಎಂದ. ಬಣ್ಣ ಕೆಡುತ್ತದೆಂಬ ಚಿಂತೆ ನನಗೆ. "ನಾ ಬರೋತನಕ ಮುಟ್ಟಬ್ಯಾಡ" ಎಂದೆ. ಆ ಮಾತಿನಲ್ಲಿ ಮಾಸ್ತರಿಕೆ ಇತ್ತು.

"ನಾ ಏನು ನಿನ್ನ ಕ್ಲಾಸಿನ್ಯಾಗ ಕುಂತೀನೇನು?" ಎಂದು ಅವನು ಫೋನ್ ಇಟ್ಟ.

ಭಾನುವಾರ ನಾನು ಮಸ್ಕಿಯಲ್ಲಿ ಇಳಿದೆ. ಅಲ್ಲಿ ಒಬ್ಬ ನಿವೃತ್ತ ಸೈನಿಕರಿದ್ದರು. ಸೈನ್ಯದಲ್ಲಿ ಲಾರಿ ಓಡಿಸಿ, ಕೊನೆಯ ವರ್ಷಗಳನ್ನು ವರ್ಕ್‌ಶಾಪಿನಲ್ಲಿ ಕಳೆದವರು. ಓಣಿಯ ಜನ ಅವರನ್ನು ಮಿಲಿಟರಿ ಅಜ್ಜ ಎನ್ನುತ್ತಿದ್ದರು. ಬಂಪರಿನ ಮೇಲೆ ಬರೆಯುವ ಗುರುತು ಹೇಗಿರಬೇಕೆಂದು ಕೇಳುವುದು ನನ್ನ ಕೆಲಸವಾಗಿತ್ತು. ಮೊದಲ ಸಲದ ಭೇಟಿ. ಅವರು ಕಟ್ಟೆಯ ಮೇಲೆ ಕುಳಿತು ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿಯುತ್ತಿದ್ದರು. ನನ್ನ ಮೊಬೈಲಿನಲ್ಲಿ ಲಾರಿಯ ಹಳೆಯ ಫೋಟೊ ನೋಡಿ, "ಇವಳ ಮ್ಯಾಲೆ ಬರ್ಫಿನ್ಯಾಗ, ಹಿಮದಾಗ ನಡುಗೀನಿ ಮಾಸ್ತರ" ಎಂದು ಖುಷಿಪಟ್ಟರು. ಬಣ್ಣ ಹಚ್ಚಿದ ಮೇಲಿನ ಫೋಟೊ ಬಂತು. ಬೆರಳಿನಿಂದ ಅದನ್ನು ದೊಡ್ಡದು ಮಾಡಿದರು. ಬಸಿ ಕೆಳಗಿಟ್ಟರು.

"ಈ ನಟ್ಟಿನ ಕೆಂಪು ಎಲ್ಲಿ ಹೋತು?"

"ಕುಂಕುಮ ಇತ್ತುರೀ. ತಗದೆ."

"ಕುಂಕುಮ ಅಲ್ಲೋ ಮಾರಾಯಾ." ಅವರ ದನಿ ಏರಲಿಲ್ಲ. "ಇದರ ರಿಮ್ಮು ಎರಡು ಹೋಳು. ಹೊರಗಿನ ಹನ್ನೆರಡು ನಟ್ಟು ಆ ಎರಡು ಹೋಳನ್ನ ಹಿಡಕೊಂಡಿರ್ತಾವ. ಒಳಗ ಗಾಳಿ ಇದ್ದಾಗ ಅವನ್ನ ಬಿಚ್ಚಿದ್ರ ಅರ್ಧ ರಿಮ್ಮು ತೋಪಿನ ಗುಂಡಿನಂಗ ಎದುರಿಗೆ ಬರ್ತದ. ಅದಕ್ಕ ಕೆಂಪು. ಖತ್ರಾ, ಅಪಾಯ ಅಂತ. ಗಾಲಿ ಬಿಚ್ಚೋದು ಒಳಗಿನ ಆರರಿಂದ. ಕೆಂಪು ಮುಟ್ಟೋ ಹಂಗಿಲ್ಲ."

ಹತ್ತೂಕಾಲು ಆಗಿತ್ತು. ಸಮಯ ನೆನಪಿದೆ, ಯಾಕೆಂದರೆ ಆಮೇಲೆ ನಾನು ಅದನ್ನೇ ನೋಡುತ್ತಿದ್ದೆ. ಗೆಳೆಯನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ. ಮೂರನೆಯ ಸಲ ಅರ್ಧಕ್ಕೇ ಕಟ್ ಮಾಡಿದ. ಸಿಟ್ಟು ಇಳಿದಿಲ್ಲ. ಕಟ್ ಮಾಡಿದನೆಂದರೆ ಕೈ ಇದೆ, ಕೈ ಖಾಲಿ ಇದೆ, ಆ ಗಳಿಗೆಗೆ ಅದರಲ್ಲಿ ನಟ್ಟು ತಿರುಗಿಸುವ ಪಾನಾ ಇಲ್ಲ. ಹೀಗೆ ಲೆಕ್ಕ ಹಾಕಿದೆ. ಮೆಸೇಜು ಬರೆದೆ: ಗಾಲಿ ಮುಟ್ಟಬ್ಯಾಡ, ಸಾಯ್ತಿ. ಎರಡು ಟಿಕ್ಕು ಬಂದವು, ನೀಲಿಯಾಗಲಿಲ್ಲ.

ಅವನ ತಾಯಿಗೆ ಹಚ್ಚಿದೆ. ಅವರ ಮನೆ ಹಳೆಯ ಮಿಲ್ಲಿನಿಂದ ಅರ್ಧ ಮೈಲಿ.

"ಯವ್ವಾ, ನಾನು ಮಾಸ್ತರ. ಅಂವ ಎಲ್ಲ್ಯದಾನ?"

"ಮಿಲ್ಲಿಗೆ ಹೋಗ್ಯಾನಪ್ಪ ಮುಂಜೇಲೇ. ಜಗಳ ಆಡೀರಂತಲ್ಲ ಇಬ್ರೂ? ಗಡ್ಡ ಬೆಳ್ಳಗಾಗ್ಯಾವ, ಇನ್ನೂ ಗೋಲಿ ಆಡೋ ಹುಡುಗ್ರಂಗ."

"ಯವ್ವಾ, ಮಿಲ್ಲಿಗೆ ಹೋಗ್ರಿ. ಗಾಲಿ ಮುಟ್ಟಬ್ಯಾಡ ಅಂತ ಹೇಳ್ರಿ."

"ನಿಮ್ಮ ಪಂಚಾಯ್ತಿ ನನಗ್ಯಾಕೋ ಯಪ್ಪಾ? ಮೊಣಕಾಲು ಹಿಡಕೊಂಡಾವ. ನೀನ ಬಂದು ಹೇಳು. ಬದನೀಕಾಯಿ ಮಾಡೀನಿ, ಉಂಡು ಹೋಗುವಂತಿ."

ಒಬ್ಬ ತಾಯಿಗೆ ಆ ಮಾತು ಹೇಗೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಮಾತು ಹುಡುಕಿದೆ. ಐದು ಸೆಕೆಂಡು ಇರಬಹುದು. ಆ ಐದು ಸೆಕೆಂಡಿನಲ್ಲಿ ಅವನು ಒಂದು ನಟ್ಟು ತಿರುಗಿಸಬಲ್ಲ.

"ಯವ್ವಾ, ಆ ಗಾಲಿ ಸಿಡೀತದ. ಅಂವ ಅದರ ಮುಂದ ಕುಂತಾನ."

ಅತ್ತ ಕಡೆ ಏನೋ ಸ್ಟೀಲಿನದು ನೆಲಕ್ಕೆ ಬಿತ್ತು. ಆಮೇಲೆ ದೂರದಿಂದ ಅವರ ದನಿ, "ಏ ಆಟೋ, ಏ ತಮ್ಮಾ ನಿಲ್ಲೋ" ಎಂದು. ಫೋನು ಅಲ್ಲೇ ಬಿಟ್ಟು ಹೋಗಿದ್ದರು, ಕಟ್ ಮಾಡಿರಲಿಲ್ಲ. ನಾನೂ ಮಾಡಲಿಲ್ಲ. ಜೇಬಿನಲ್ಲಿಟ್ಟುಕೊಂಡೆ.

ಬಸ್ಸಿಗೆ ಕಾಯುವ ಮಾತಿರಲಿಲ್ಲ. ಅಜ್ಜ ಒಳಗಿನಿಂದ ಮೊಪೆಡ್ಡಿನ ಕೀಲಿ ತಂದರು. "ನೀ ಹೊಡಿ. ನಾ ಹಿಂದ ಕೂಡ್ತೀನಿ. ಅಲ್ಲಿ ನೀ ಒಬ್ಬನ ಏನು ಮಾಡ್ತಿ?" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಲುಂಗಿ ಉಟ್ಟಿದ್ದವರು ಹಾಗೆಯೇ ಕುಳಿತರು.

ಮಸ್ಕಿಯಿಂದ ಸಿಂಧನೂರಿನ ಆ ರಸ್ತೆಯನ್ನು ನಾನು ಎರಡು ವರ್ಷ ಕಿಟಕಿಯಿಂದ ನೋಡಿದ್ದೆ. ಒಣಭೂಮಿ ಮುಗಿದು ಕಾಲುವೆಯ ನೀರು ಶುರುವಾಗುವ ಜಾಗವನ್ನು ಬಣ್ಣದಿಂದಲೇ ಗುರುತಿಸುತ್ತಿದ್ದೆ. ಆ ದಿನ ನನಗೆ ಕಂಡದ್ದು ಭತ್ತ ಮಾತ್ರ. ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟು ಒಣಗಿಸಿದ್ದರು. ಉಳಿದರ್ಧದಲ್ಲಿ ಕೊಯ್ಲಿನ ಯಂತ್ರವೊಂದು ತನ್ನ ಅಗಲವಾದ ಬಾಯಿಯನ್ನು ಮುಂದಿಟ್ಟುಕೊಂಡು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಹಾರ್ನ್ ಒತ್ತಿದೆ, ಮೊಪೆಡ್ಡಿನ ಹಾರ್ನು ಅದರ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಎದುರಿನಿಂದ ಬಳಗಾನೂರಿನ ಬಸ್ಸು. ನಾನು ಭತ್ತದ ಮೇಲೆ ಹತ್ತಿಸಿದೆ. ಗಾಲಿ ಜಾರಿತು. ಹೆಂಗಸೊಬ್ಬಳು ಕಸಬರಿಗೆ ಎತ್ತಿಕೊಂಡು, "ನಿನ್ನ ಕಣ್ಣು ಇಂಗಿಹೋಗ್ಲಿ, ಅನ್ನದ ಮ್ಯಾಲೆ ಗಾಡಿ ಹೊಡೀತಿಯೇನು!" ಎಂದು ಓಡಿ ಬಂದಳು. ನಿಲ್ಲಲಿಲ್ಲ.

ಅಜ್ಜ ಹಿಂದಿನಿಂದ ನನ್ನ ಭುಜ ಹಿಡಿದಿದ್ದರು. ಒಮ್ಮೆ ಮಾತ್ರ ಮಾತಾಡಿದರು.

"ನಮ್ಮಲ್ಲಿ ಒಬ್ಬ ಇದ್ದ. ಒಂದ ಊರಿನವರಂಗ ಇದ್ವಿ. ಕೆಂಪು ಮುಟ್ಟಿದ. ಅವನ ಟೋಪಿ ಗಿಡದ ಮ್ಯಾಲೆ ಸಿಕ್ತು."

ಒಂದು ಕಡೆ ರಸ್ತೆ ಕೆಲಸದವರು ಗಾಡಿಗಳನ್ನು ತಡೆದರು. ಎಂಜಿನ್ ನಿಂತಾಗ ಜೇಬಿನಿಂದ ಒಂದು ಸದ್ದು ಕೇಳಿತು. ಫೋನು ಇನ್ನೂ ಚಾಲೂ ಇತ್ತು. ಸಿಂಧನೂರಿನ ಆ ಖಾಲಿ ಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಆರಿಸುವವರಿಲ್ಲ. ಮೂರು ಎಣಿಸಿದೆ. ಹಾಗಾದರೆ ತಾಯಿ ಇನ್ನೂ ವಾಪಸ್ಸು ಬಂದಿಲ್ಲ. ಬಂದಿಲ್ಲ ಎಂದರೆ ಏನು ಅರ್ಥ ಎಂದು ಯೋಚಿಸಬಾರದೆಂದುಕೊಂಡೆ, ಮತ್ತೆ ಅದನ್ನೇ ಯೋಚಿಸಿದೆ. ಗಾಡಿಗಳನ್ನು ಬಿಟ್ಟರು.

ಮಿಲ್ಲಿನ ಗೇಟಿನ ಮುಂದೆ ಆಟೊ ನಿಂತಿತ್ತು. ಜನ ಸೇರಿರಲಿಲ್ಲ. ಜನ ಸೇರಿಲ್ಲ ಎಂದರೆ ಏನೂ ಸಿಡಿದಿಲ್ಲ ಎಂದುಕೊಂಡು ಹ್ಯಾಂಡಲ್ ಬಿಟ್ಟು ಇಳಿದೆ. ಮೊಪೆಡ್ಡು ಅಜ್ಜನ ಸಮೇತ ವಾಲಿತು, ಅವರೇ ಕಾಲೂರಿ ಹಿಡಿದರು.

ಗೆಳೆಯ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ನೆಲದ ಮೇಲೆ ಕುಳಿತು ಎರಡೂ ಕೈಯಿಂದ ಅವನ ಅಂಗಿಯ ಚುಂಗು ಹಿಡಿದಿದ್ದರು. ಬರಿಗಾಲು. ನನ್ನನ್ನು ನೋಡಿದ ಕೂಡಲೇ ಅವನು ಕೂಗಾಡಿದ.

"ನಾಚಿಗಿ ಬರೋದಿಲ್ಲೇನ್ಲೇ? ನಿನ್ನ ಮಾತು ನಡೀಲಿಲ್ಲ ಅಂತ ನಮ್ಮವ್ವನ ಓಡಾಡಿಸ್ತಿಯೇನು? ಆಕಿ ಮೊಣಕಾಲು ನೋಡೀಯೇನು?"

"ಎಷ್ಟು ಬಿಚ್ಚೀದಿ?" ಎಂದು ಅಜ್ಜ ಕೇಳಿದರು.

"ನೀವ್ಯಾರು?"

"ಎಷ್ಟು ಬಿಚ್ಚೀದಿ, ಅದನ್ನ ಹೇಳು."

"ಏಳು. ಎಂಟನೇದು ಅರ್ಧ ತಿರುವಿದ್ದೆ, ಈಕಿ ಬಂದು ಪಾನಾ ಹಿಡಕೊಂಡ್ಲು."

ಒಳಗೆ ಲಾರಿಯ ಎಡಬದಿ ಜಾಕಿನ ಮೇಲಿತ್ತು. ಸೀಮೆಎಣ್ಣೆಯ ಡಬ್ಬಿಯಲ್ಲಿ ನಾನು ಹಸಿರು ಹಚ್ಚಿದ ಏಳು ನಟ್ಟುಗಳು ಮುಳುಗಿದ್ದವು. ಸೋರಿಕೆ ಎಲ್ಲಿದೆ ನೋಡಲು ಬೆಳಿಗ್ಗೆಯೇ ಅವನು ಗಾಳಿ ಪೂರ್ತಿ ತುಂಬಿದ್ದ. ಟೈರಿನ ಮೇಲೆ ಸಾಬೂನಿನ ನೊರೆ ಒಣಗಿತ್ತು. ನಟ್ಟು ಬಿಚ್ಚಿದ ಕಡೆ ರಿಮ್ಮಿನ ಎರಡು ಹೋಳುಗಳ ನಡುವೆ ಒಂದು ಕಪ್ಪು ಗೆರೆ ಕಂಡಿತು. ಬೆರಳಿನ ಉಗುರು ತೂರುವಷ್ಟು. ಅದರ ಎದುರಿಗೆ, ಒಂದು ಮೊಳದ ದೂರದಲ್ಲಿ, ಅವನು ಕುಳಿತಿದ್ದ ಮಣೆ. ಅಜ್ಜ ಆ ಗೆರೆ ತೋರಿಸಿ, ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದರು. ಗೆಳೆಯ ಗೆರೆ ನೋಡಿದ, ಮಣೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಕೆರೆಯಬೇಡ, ಬಿಡು ಎಂದು ನನಗೆ ಹೇಳಿದ್ದವನು ಅವನು. ಅದನ್ನು ಅವನು ಆಗ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

"ಮತ್ತ ಬಿಗಿ ಮಾಡೂಣೇನ್ರಿ?" ಎಂದು ಕೇಳಿದ. ದನಿ ಬದಲಾಗಿತ್ತು.

"ಆ ನಟ್ಟಿನ ಸನೇಕ ಯಾರೂ ಹೋಗಬ್ಯಾಡ್ರಿ. ಗಾಳಿ ಇಳಿಸಬೇಕು. ಒಬ್ಬರು ಹೋಗಬೇಕು. ಎದುರಿಗಲ್ಲ, ಟೈರಿನ ಬೆನ್ನಿನ ಕಡೆ. ಕೈಯಷ್ಟ ಮುಂದ."

ಅಜ್ಜ ತಾವೇ ಲುಂಗಿ ಎತ್ತಿ ಕಟ್ಟಿದರು. ಗೆಳೆಯ ಮುಂದೆ ಬಂದ. ತಾಯಿ ಅಂಗಿ ಬಿಡಲಿಲ್ಲ. ನಾನು ವಾಲ್ವಿನ ಕೀಲಿ ತೆಗೆದುಕೊಂಡೆ. "ಬಣ್ಣ ಹಚ್ಚಿದವ ನಾನು" ಎಂದೆ. ಧೈರ್ಯ ನನ್ನಲ್ಲಿರಲಿಲ್ಲ, ಬೇರೆ ಯಾರಾದರೂ ಹೋಗಿ ಏನಾದರೂ ಆದರೆ ಅದನ್ನು ನೋಡುತ್ತ ನಿಲ್ಲುವ ಧೈರ್ಯ ಇನ್ನೂ ಕಡಿಮೆಯಿತ್ತು.

ಹಿಂದಿನ ಗಾಲಿಯ ಕಡೆಯಿಂದ ಲಾರಿಯ ಬದಿಗುಂಟ ಹೊಟ್ಟೆಯ ಮೇಲೆ ತೆವಳಿದೆ. ನೆಲದಲ್ಲಿ ಹಳೆಯ ತೌಡಿನ ವಾಸನೆ. ಟೈರಿನ ಬೆನ್ನಿಗೆ ತಲೆ ಮರೆಮಾಡಿ ಬಲಗೈ ಚಾಚಿದೆ. ಬೆರಳಿಗೆ ವಾಲ್ವು ಸಿಕ್ಕಿತು. ಕೀಲಿ ಕೂರಲಿಲ್ಲ. ಹಸಿರು. ಅದರ ಬಾಯಿಗೂ ನಾನು ಬಣ್ಣ ಹಚ್ಚಿದ್ದೆ, ಬ್ರಷ್ಷಿನ ತುದಿಯಿಂದ, ಚೊಕ್ಕವಾಗಿ. ಉಗುರಿನಿಂದ ಕೆರೆದೆ. ಮೂರನೆಯ ಸಲ ಕೀಲಿ ಹಿಡಿಯಿತು. ಹಿಂದಿನಿಂದ ಅಜ್ಜ, "ಸಾವಕಾಶ, ಬೇಟಾ, ಸಾವಕಾಶ" ಎನ್ನುತ್ತಿದ್ದರು. ಪಿನ್ನು ಹೊರಬಂದು ಎಲ್ಲೋ ಹಾರಿತು. ಗಾಳಿ ಸುಯ್ಯೆಂದು ನನ್ನ ಅಂಗೈಗೆ ಬಡಿಯಿತು, ತಣ್ಣಗೆ.

"ವಾಪಸ್ ಬಾ!"

ಬರಲಾಗಲಿಲ್ಲ. ಆ ಸದ್ದು ಮುಗಿಯುವವರೆಗೆ ಟೈರಿಗೆ ಕೆನ್ನೆಯಿಟ್ಟು ಅಲ್ಲೇ ಮಲಗಿದ್ದೆ. ನಡುವೆ ಒಮ್ಮೆ ರಿಮ್ಮು 'ಟಣ್' ಎಂದಿತು. ಕಬ್ಬಿಣ ತನ್ನ ಜಾಗಕ್ಕೆ ಮರಳಿದ್ದು ಅಷ್ಟೆ. ಹೊರಗೆ ಯಾರೋ ಅತ್ತರು. ಸದ್ದು ಸಣ್ಣದಾಗುತ್ತ ಬಂದು ನಿಂತಿತು. ಗೆಳೆಯ ನನ್ನ ಕಾಲು ಹಿಡಿದು ಹೊರಗೆಳೆದ.

ಅವನ ತಾಯಿ ನನ್ನ ತಲೆ ಸವರಿ, ಬೆರಳ ನೆಟಿಕೆ ಮುರಿದರು. "ನನ್ನ ಮಗನ ಉಳಿಸಿಕೊಟ್ಟೆಪ್ಪ" ಎಂದರು. ನಾನು ಗೆಳೆಯನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಕೆಂಪು ಕೆರೆದವನು ನಾನೇ ಎಂಬುದು ಅವರಿಗೆ ತಿಳಿದಿರಲಿಲ್ಲ, ನಾನು ಹೇಳಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಗುಂಪಿನ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸಿದೆ. ಶಹಬ್ಬಾಸ್‌ಗಿರಿಗಳ ನಡುವೆ, ನಾನು ನೋಡದೆ ಬಿಟ್ಟ ಒಂದು ಸಾಲು ಇತ್ತು. ಯಾರೋ ಕೇಳಿದ್ದರು: ಹೊರಗಿನ ನಟ್ಟುಗಳು ಕೆಂಪಿರಬೇಕಲ್ಲವೇ?

ಮುಂದಿನ ಭಾನುವಾರವೇ ನಲವತ್ತೆಂಟು ನಟ್ಟುಗಳಿಗೂ ಕೆಂಪು ಹಚ್ಚಿದೆ. ಆದರೆ ಆ ತಾಯಿ ಬಂದವರಿಗೆಲ್ಲ ಹೇಳುವುದು ನಿಲ್ಲಲಿಲ್ಲ. ಮಾಸ್ತರ ಉಳಿಸಿದ, ಹೊಟ್ಟೆ ಮ್ಯಾಲೆ ತೆವಳಿ ಉಳಿಸಿದ. ಪ್ರತಿ ಸಲ ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ತಿನ್ನುತ್ತಿದ್ದೆ. ಸೈಕಲ್ ಅಂಗಡಿಯ ಮುಂದೆ ಗಾಳಿ ಬಿಡುವ ಸದ್ದಿಗೆ ನನ್ನ ಬಲಗೈ ತಾನಾಗಿ ಹಿಂದೆ ಸರಿಯುತ್ತಿತ್ತು. ಹೀಗೆ ಹತ್ತು ತಿಂಗಳು.

ಆಯುಧ ಪೂಜೆಯ ದಿನ ಗೆಳೆಯನ ತಾಯಿ ಪೂಜೆಯ ತಟ್ಟೆ ಹಿಡಿದು ಶೆಡ್ಡಿಗೆ ಬಂದರು. ಮೊದಲ ಗಾಲಿಯ ಗುಬ್ಬಿಗೆ ವಿಭೂತಿ ಎಳೆದರು. ಆಮೇಲೆ ಕುಂಕುಮ: ಹೊರಗಿನ ಹನ್ನೆರಡಕ್ಕೆ ಒಂದೊಂದು ಬೊಟ್ಟು, ಒಳಗಿನ ಆರಕ್ಕೆ ಒಂದೊಂದು ಬೊಟ್ಟು. ಹದಿನೆಂಟೂ ಕೆಂಪಾದವು. ಮತ್ತೆ ಎಲ್ಲ ಒಂದೇ. ನನ್ನ ಕೈಯಲ್ಲಿ ಬಟ್ಟೆ ಯಾವಾಗ ಬಂತೋ ಗೊತ್ತಿಲ್ಲ. ಮಂಡಿಯೂರಿ ಒಳಗಿನ ಆರನ್ನು ಒರೆಸುತ್ತಿದ್ದೆ.

"ಏ, ಏನು ಮಾಡಾಕತ್ತೀಯೋ? ಹಬ್ಬದ ದಿನ ಕುಂಕುಮ ಒರಸ್ತಾರೇನು?"

ಗೆಳೆಯ, "ಇರಲಿ ಬಿಡವ್ವಾ" ಎಂದ. ಅವನು ನನ್ನನ್ನು ಉಳಿಸುತ್ತಿದ್ದ. ಅದಕ್ಕೇ ಹೇಳಿದೆ. ಕೆಂಪು ಇದ್ದದ್ದು, ಬಿಡು ಎಂದು ಅವನು ಅಂದದ್ದು, ಕುಂಕುಮವೆಂದು ತಿಳಿದು ನಾನು ಕೆರೆದದ್ದು, ಹಕ್ಕಳೆ ನೋಡಿದ್ದು, ಊದಿದ್ದು. ಒಂದನ್ನೂ ಬಿಡದೆ ಹೇಳಿದೆ.

ಅವರು ತಟ್ಟೆಯನ್ನು ನೆಲಕ್ಕಿಟ್ಟರು.

"ಕೆಂಪು ಬಣ್ಣ ಅಂತ ತಿಳೀಲಿಲ್ಲ, ಅದು ಇರಲಿ. ಕುಂಕುಮ ಅಂತ ತಿಳದು ಒರಸಿದೆಲ್ಲ, ಅದು ಹ್ಯಾಂಗ ಮನಸ್ಸು ಬಂತೋ ನಿನಗ?"

ಅವರು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಒಳಗಿನ ಆರನ್ನು ತಾವೇ ಸ್ವಚ್ಛವಾಗಿ ಒರೆಸಿದರು. ವಿಭೂತಿಯನ್ನು ನೀರಿನಲ್ಲಿ ಕಲೆಸಿ ಆ ಆರಕ್ಕೂ ಬಿಳಿ ಬೊಟ್ಟಿಟ್ಟರು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

"ಉಳದ ಮೂರು ಗಾಲಿ ನೀ ಹಚ್ಚು. ನೋಡಿ ಹಚ್ಚು."

ಒಂದೊಂದೇ ನಟ್ಟು ಮುಟ್ಟಿ ನೋಡಿ ಹಚ್ಚಿದೆ. ಒಳಗೆ ಬಿಳಿ, ಹೊರಗೆ ಕೆಂಪು. ಎರಡು ಬೊಟ್ಟು ಸೊಟ್ಟಗಾದವು. ಅವರು ಬಾಗಿಲಲ್ಲಿ ನಿಂತು ಕೊನೆಯ ಗಾಲಿ ಮುಗಿಯುವವರೆಗೂ ನೋಡಿದರು. ಆ ದಿನ ಊಟಕ್ಕೆ ಕರೆದರು, ಬಡಿಸಿದರು. ಇನ್ನೊಂದು ರೊಟ್ಟಿ ಹಾಕಲಿಲ್ಲ.